ಮೂರು ಹೆಸರು, ಮೂರು ಚಿನ್ನ: ನಯೀಮ್ ಸುಲೇಮಾನೊಗ್ಲು ಎತ್ತಿದ ಭಾರ

1988ರ ಸೆಪ್ಟೆಂಬರ್ 20. ದಕ್ಷಿಣ ಕೊರಿಯಾದ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತುವ ಸ್ಪರ್ಧೆಯ 60 ಕೆ.ಜಿ. ವಿಭಾಗದ ಫೈನಲ್. ವೇದಿಕೆಗೆ ಬಂದ ಟರ್ಕಿಯ ಯುವಕನ ಎತ್ತರ ನಾಲ್ಕು ಅಡಿ ಹತ್ತು ಅಂಗುಲ, ವಯಸ್ಸು 21. ಅಂದು ಅವರು ತಲೆಯ ಮೇಲೆ ಎತ್ತಿ ಹಿಡಿದ ಭಾರ 190 ಕೆ.ಜಿ. ಅಂದರೆ 50 ಕೆ.ಜಿ.ಯ ನಾಲ್ಕು ಸಿಮೆಂಟ್ ಚೀಲಗಳಿಗೆ ಹತ್ತೇ ಕೆ.ಜಿ. ಕಡಿಮೆ. ತಮ್ಮ ದೇಹದ ತೂಕದ ಮೂರು ಪಟ್ಟಿಗಿಂತಲೂ ಹೆಚ್ಚು.

ಅವರೇ ನಯೀಮ್ ಸುಲೇಮಾನೊಗ್ಲು. 'ಕಿಸೆಯಲ್ಲಿಡಬಹುದಾದ ಹರ್ಕ್ಯುಲಿಸ್' ಎಂದು ಜಗತ್ತು ಅವರನ್ನು ಕರೆಯಿತು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ನಮ್ಮ ಮಾತಿಗೆ ಇವರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನದ ಪದಕ ಗೆದ್ದ ಮೊದಲ ಭಾರಎತ್ತುಗ ಅವರು. ಏಳು ಬಾರಿ ವಿಶ್ವ ಚಾಂಪಿಯನ್. ಅವರ ಹೆಸರಿನಲ್ಲಿರುವ ವಿಶ್ವದಾಖಲೆಗಳು 46.

'ಅವರ ಹೆಸರಿನಲ್ಲಿ' ಎಂಬ ಮಾತನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು. ಏಕೆಂದರೆ ನಯೀಮ್ ಅಂತಾರಾಷ್ಟ್ರೀಯ ವೇದಿಕೆಯಲ್ಲಿ ಒಂದಲ್ಲ, ಮೂರು ಹೆಸರುಗಳಲ್ಲಿ ಭಾರ ಎತ್ತಿದರು. ಒಂದು ಹುಟ್ಟಿನಿಂದ ಬಂದದ್ದು. ಇನ್ನೊಂದು ಸರ್ಕಾರ ಬಲವಂತವಾಗಿ ಹೇರಿದ್ದು. ಮೂರನೆಯದು ದೇಶ ಬಿಟ್ಟು ಓಡಿ ಹೋಗಿ ಅವರೇ ಆರಿಸಿಕೊಂಡದ್ದು.

ಆಟದ ಲೆಕ್ಕಾಚಾರ

ಭಾರ ಎತ್ತುವ ಸ್ಪರ್ಧೆಯಲ್ಲಿ ಎರಡು ವಿಧಾನಗಳಿವೆ. ಮೊದಲನೆಯದು ಸ್ನ್ಯಾಚ್. ನೆಲದ ಮೇಲಿನ ಸರಳನ್ನು ಒಂದೇ ಸೆಳೆತದಲ್ಲಿ ತಲೆಯ ಮೇಲಕ್ಕೆ ಎತ್ತಬೇಕು, ನಡುವೆ ನಿಲುಗಡೆ ಇಲ್ಲ. ಎರಡನೆಯದು ಕ್ಲೀನ್ ಅಂಡ್ ಜರ್ಕ್. ಇಲ್ಲಿ ಸರಳನ್ನು ಮೊದಲು ಹೆಗಲಿಗೆ ತಂದುಕೊಂಡು, ಎದ್ದು ನಿಂತು, ಆಮೇಲೆ ಕಾಲಿನ ಬಲದಿಂದ ಮೇಲಕ್ಕೆ ಚಿಮ್ಮಿಸಿ ಕೈ ನೀಟಾಗಿ ಚಾಚಿ ಹಿಡಿಯಬೇಕು. ಪ್ರತಿ ವಿಧಾನದಲ್ಲೂ ಮೂರು ಅವಕಾಶ. ಎರಡರಲ್ಲೂ ಎತ್ತಿದ ಅತಿ ಹೆಚ್ಚಿನ ಭಾರಗಳನ್ನು ಕೂಡಿಸಿದರೆ ಬರುವುದೇ ಒಟ್ಟು ಮೊತ್ತ. ಸ್ನ್ಯಾಚ್‌ನ ಮೂರೂ ಪ್ರಯತ್ನ ವಿಫಲವಾದರೆ ಒಟ್ಟು ಮೊತ್ತವೇ ಇಲ್ಲ, ಪದಕವೂ ಇಲ್ಲ.

ಸರಳಿನ ಮೇಲಿನ ತೂಕ ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ. ಆದ್ದರಿಂದ ಯಾವ ತೂಕದಿಂದ ಆರಂಭಿಸಬೇಕು, ಎದುರಾಳಿ ಎತ್ತುವವರೆಗೆ ಕಾಯಬೇಕೇ ಎಂಬುದು ಚದುರಂಗದಂತಹ ಲೆಕ್ಕಾಚಾರ. ನಯೀಮ್ ಕಾಲದಲ್ಲಿ ತೂಕ ಸಾಮಾನ್ಯವಾಗಿ ಎರಡೂವರೆ ಕೆ.ಜಿ.ಯಂತೆ ಏರುತ್ತಿತ್ತು. ವಿಶ್ವದಾಖಲೆಗೆ ಪ್ರಯತ್ನಿಸುವವರಿಗೆ ಮಾತ್ರ ಅರ್ಧ ಕೆ.ಜಿ. ಹೆಚ್ಚಿಸಿಕೊಳ್ಳುವ ಅವಕಾಶವಿತ್ತು. ಹಳೆಯ ದಾಖಲೆಗಳಲ್ಲಿ 150.5, 188.5 ಎಂಬ ಸಂಖ್ಯೆಗಳು ಕಾಣುವುದು ಇದೇ ಕಾರಣಕ್ಕೆ. ಇಬ್ಬರ ಮೊತ್ತ ಸಮನಾದರೆ, ಆಗಿನ ನಿಯಮದಂತೆ ದೇಹದ ತೂಕ ಕಡಿಮೆ ಇದ್ದವರಿಗೆ ಜಯ.

ಕುಳ್ಳಗಿರುವವರಿಗೆ ಈ ಆಟದಲ್ಲಿ ಒಂದು ಅನುಕೂಲವಿದೆ. ಕೈಕಾಲು ಗಿಡ್ಡವಾದಷ್ಟೂ ಸರಳು ಸಾಗಬೇಕಾದ ದೂರ ಕಡಿಮೆ. ದೇಹ ದೊಡ್ಡದಾದಂತೆ ಅದರ ತೂಕ ಏರುವಷ್ಟು ವೇಗವಾಗಿ ಸ್ನಾಯುವಿನ ಬಲ ಏರುವುದೂ ಇಲ್ಲ. ಹಾಗಾಗಿ ದೇಹತೂಕದ ಅನುಪಾತದಲ್ಲಿ ನೋಡಿದರೆ ಹಗುರ ವಿಭಾಗದವರೇ ಮುಂದು. ಆದರೆ ಈ ಅನುಕೂಲ ಕುಳ್ಳಗಿರುವ ಎಲ್ಲರಿಗೂ ಇದ್ದೇ ಇರುತ್ತದೆ. ನಯೀಮ್ ಅವರೆಲ್ಲರನ್ನೂ ಬಹಳ ದೂರ ಹಿಂದೆ ಬಿಟ್ಟರು.

ಎಷ್ಟು ದೂರ ಎಂಬುದನ್ನು ತಿಳಿಯಲು ನಮಗೆ ಪರಿಚಿತವಾದ ಒಂದು ಅಳತೆಗೋಲು ಇದೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು ಕರಾವಳಿಗೆ ಹೆಮ್ಮೆ ತಂದವರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ ಒಟ್ಟು 269 ಕೆ.ಜಿ. ಎತ್ತಿ ಕಂಚು ಪಡೆದರು. ವರ್ಷಗಟ್ಟಲೆ ಬೆವರು ಸುರಿಸಿದವರಿಗೆ ಮಾತ್ರ ಸಾಧ್ಯವಾಗುವ ಮೊತ್ತವದು. ಸಿಯೋಲ್‌ನಲ್ಲಿ, ಅದಕ್ಕಿಂತ ಒಂದು ಕೆ.ಜಿ. ಹಗುರದ ವಿಭಾಗದಲ್ಲಿ, ನಯೀಮ್ ಎತ್ತಿದ ಒಟ್ಟು ಮೊತ್ತ 342.5 ಕೆ.ಜಿ.

ಗಣಿ ಕಾರ್ಮಿಕನ ಮಗ

ನಯೀಮ್ ಹುಟ್ಟಿದ್ದು 1967ರ ಜನವರಿ 23ರಂದು, ಬಲ್ಗೇರಿಯಾದ ದಕ್ಷಿಣಕ್ಕಿರುವ ಕರ್ಜಾಲಿ ಪ್ರಾಂತ್ಯದ ಪ್ತಿಚಾರ್ ಎಂಬ ಹಳ್ಳಿಯಲ್ಲಿ. ತಂದೆ ಗಣಿ ಕಾರ್ಮಿಕ. ಮನೆಮಾತು ತುರ್ಕಿ ಭಾಷೆ.

ಬಲ್ಗೇರಿಯಾ ಶತಮಾನಗಳ ಕಾಲ ಒಟ್ಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು. 1878ರ ನಂತರ ಆ ಆಳ್ವಿಕೆ ಹಿಂದೆ ಸರಿದು ಹೊಸ ರಾಜ್ಯ ಹುಟ್ಟಿದಾಗ ಗಡಿರೇಖೆ ಜರುಗಿತು, ಜನ ಮಾತ್ರ ಇದ್ದಲ್ಲೇ ಉಳಿದರು. ಹೊಲ, ಮನೆ, ಮಸೀದಿ, ಹಿರಿಯರ ಗೋರಿ ಎಲ್ಲವೂ ಅಲ್ಲೇ ಇದ್ದ ಲಕ್ಷಾಂತರ ತುರ್ಕರು ಬಲ್ಗೇರಿಯಾದ ಪ್ರಜೆಗಳಾದರು. ಅವರ ಮಾತು ಟರ್ಕಿಯದು, ಪಡಿತರ ಬಲ್ಗೇರಿಯಾದ್ದು. ಗಡಿಯ ಈಚೆಗೆ ಮನೆ, ಆಚೆಗೆ ಭಾಷೆ ಇರುವ ಬದುಕು ಹೇಗಿರುತ್ತದೆಂದು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಮ್ಯುನಿಸ್ಟ್ ಆಡಳಿತದ ಬಲ್ಗೇರಿಯಾ ಸಣ್ಣ ದೇಶವಾದರೂ ಭಾರ ಎತ್ತುವುದರಲ್ಲಿ ಸೋವಿಯತ್ ಒಕ್ಕೂಟಕ್ಕೇ ಸವಾಲು ಹಾಕುತ್ತಿತ್ತು. ಅದರ ಹಿಂದಿದ್ದವರು ಕೋಚ್ ಇವಾನ್ ಅಬಾಜಿಯೆವ್. ಅವರ ಪದ್ಧತಿ ಕಠೋರವಾಗಿತ್ತು. ಕೆಲವೇ ವ್ಯಾಯಾಮಗಳು, ಆದರೆ ದಿನಕ್ಕೆ ಹಲವು ಬಾರಿ. ಪ್ರತಿ ದಿನವೂ ಎತ್ತಬಲ್ಲ ಗರಿಷ್ಠ ಭಾರದವರೆಗೆ ಹೋಗಲೇಬೇಕು. ತಾಳಿಕೊಂಡವರು ಚಾಂಪಿಯನ್ ಆದರು, ತಾಳಲಾರದವರು ಮುರಿದು ಬಿದ್ದರು. ಎಳೆಯ ವಯಸ್ಸಿನಲ್ಲೇ ಕ್ರೀಡಾಶಾಲೆ ಸೇರಿ, ಈ ಗಾಣದಲ್ಲಿ ಹದವಾದ ಹುಡುಗ ನಯೀಮ್ ಸುಲೇಮಾನೊವ್.

ಅವರ ಮೊದಲ ಹೆಸರು ಇದೇ. ಸುಲೇಮಾನ್ ಎಂಬ ಹೆಸರಿಗೆ ಬಲ್ಗೇರಿಯನ್ ರೀತಿಯಲ್ಲಿ 'ಒವ್' ಸೇರಿಸಿ ದಾಖಲೆಗೆ ಹತ್ತಿಸಿದ್ದು. ಬಾಲ ಬಲ್ಗೇರಿಯಾದ್ದಾದರೂ ಮೈ ತುರ್ಕಿಯದೇ ಆಗಿತ್ತು.

ತಪ್ಪಿಹೋದ ಮೊದಲ ಒಲಿಂಪಿಕ್ಸ್

1983ರಲ್ಲಿ, ಹದಿನಾರರ ಹರೆಯದಲ್ಲಿ, ನಯೀಮ್ ಹಿರಿಯರ ವಿಶ್ವದಾಖಲೆ ಮುರಿದರು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವ ವಯಸ್ಸದು. ಅದೇ ವರ್ಷ ಮಾಸ್ಕೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 56 ಕೆ.ಜಿ. ವಿಭಾಗದಲ್ಲಿ ಸೋವಿಯತ್ ಒಕ್ಕೂಟದ ಒಕ್ಸೆನ್ ಮಿರ್ಜೊಯಾನ್‌ಗೆ ಚಿನ್ನ, ನಯೀಮ್‌ಗೆ ಬೆಳ್ಳಿ. ಅದೇ ಮಾಸ್ಕೋದಲ್ಲಿ ಬಲ್ಗೇರಿಯಾದ ಸ್ಟೆಫಾನ್ ಟೊಪುರೊವ್ 60 ಕೆ.ಜಿ. ವಿಭಾಗದಲ್ಲಿ 180 ಕೆ.ಜಿ. ಎತ್ತಿ, ದೇಹತೂಕದ ಮೂರು ಪಟ್ಟು ಭಾರವನ್ನು ತಲೆಯ ಮೇಲೆ ಹಿಡಿದ ಮೊದಲಿಗರೆನಿಸಿದರು. ಮರುವರ್ಷ 56 ಕೆ.ಜಿ. ವಿಭಾಗದಲ್ಲಿ 168 ಕೆ.ಜಿ. ಎತ್ತಿದ ನಯೀಮ್ ಈ ಸಾಧನೆ ಮಾಡಿದ ಎರಡನೆಯವರಾದರು.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅವರಿಗೆ ಚಿನ್ನ ಕಟ್ಟಿಟ್ಟ ಬುತ್ತಿ ಎಂದೇ ಎಲ್ಲರೂ ಭಾವಿಸಿದ್ದರು. ಆದರೆ ಸೋವಿಯತ್ ಒಕ್ಕೂಟ ಆ ಕೂಟವನ್ನು ಬಹಿಷ್ಕರಿಸಿತು, ಬಲ್ಗೇರಿಯಾ ಅದರ ಬೆನ್ನಿಗೆ ನಿಂತಿತು. 56 ಕೆ.ಜಿ. ವಿಭಾಗದ ಚಿನ್ನ ಚೀನಾದ ವು ಶುದೆ ಅವರ ಪಾಲಾಯಿತು. ಅವರು ಎತ್ತಿದ್ದು ಒಟ್ಟು 267.5 ಕೆ.ಜಿ. ಆ ಹೊತ್ತಿಗೆ ನಯೀಮ್ ಸಾಧಿಸಿದ್ದ ಅತ್ಯುತ್ತಮ ಮೊತ್ತ ಅದಕ್ಕಿಂತ ಸುಮಾರು 30 ಕೆ.ಜಿ. ಹೆಚ್ಚಿತ್ತು. ದೊಡ್ಡವರ ಜಗಳದಲ್ಲಿ ಹದಿನೇಳರ ಹುಡುಗನ ಪದಕ ಕೈತಪ್ಪಿತು.

ಆದರೆ ಕೆಲವೇ ತಿಂಗಳಲ್ಲಿ ಕೈತಪ್ಪಲಿದ್ದದ್ದು ಅದಕ್ಕಿಂತ ದೊಡ್ಡದು.

ಹೆಸರು ಅಳಿಸಿದ ಚಳಿಗಾಲ

1984ರ ಡಿಸೆಂಬರ್ ಕೊನೆಯಲ್ಲಿ, ತೊದೊರ್ ಝಿವ್‌ಕೊವ್ ನೇತೃತ್ವದ ಬಲ್ಗೇರಿಯಾ ಸರ್ಕಾರ ತನ್ನ ತುರ್ಕಿ ಪ್ರಜೆಗಳ ಹೆಸರು ಬದಲಿಸುವ ಕಾರ್ಯಾಚರಣೆಗೆ ಕೈಹಾಕಿತು. ಅದು ತೀವ್ರವಾಗಿ ಆರಂಭವಾದದ್ದೇ ನಯೀಮ್ ಅವರ ಕರ್ಜಾಲಿ ಸೀಮೆಯಲ್ಲಿ. ಹಿಮ ಸುರಿಯುತ್ತಿದ್ದ ದಿನಗಳಲ್ಲಿ ಪೊಲೀಸರೂ ಸೈನಿಕರೂ ಹಳ್ಳಿಗಳನ್ನು ಸುತ್ತುವರಿದರು. ಮನೆಮಂದಿಯೆಲ್ಲ ಬಲ್ಗೇರಿಯನ್ ಹೆಸರುಗಳ ಪಟ್ಟಿಯಿಂದ ಒಂದೊಂದು ಹೆಸರು ಆರಿಸಿಕೊಂಡು ಸಹಿ ಹಾಕಬೇಕಿತ್ತು. 1985ರ ಮೊದಲ ತಿಂಗಳುಗಳು ಮುಗಿಯುವಷ್ಟರಲ್ಲಿ ಸುಮಾರು ಎಂಟು ಲಕ್ಷ ಜನರ ಹೆಸರು ಬದಲಾಗಿತ್ತು.

ಸರ್ಕಾರ ಇದಕ್ಕೆ ಇಟ್ಟ ಹೆಸರು 'ಪುನರುಜ್ಜೀವನ ಪ್ರಕ್ರಿಯೆ'. ಇವರಾರೂ ತುರ್ಕರಲ್ಲ, ಒಟ್ಟೊಮನ್ ಕಾಲದಲ್ಲಿ ಮತಾಂತರಗೊಂಡ ಬಲ್ಗೇರಿಯನ್ನರು, ಈಗ ತಮ್ಮ ಮೂಲಕ್ಕೆ ಮರಳುತ್ತಿದ್ದಾರೆ ಎಂಬುದು ಅದರ ವಾದ. ಸಾರ್ವಜನಿಕ ಸ್ಥಳದಲ್ಲಿ ತುರ್ಕಿ ಮಾತನಾಡಿದರೆ ದಂಡ. ಬದುಕಿದ್ದವರ ಹೆಸರಿಗೇ ಇದು ನಿಲ್ಲಲಿಲ್ಲ. ಸತ್ತವರ ಹೆಸರುಗಳನ್ನೂ ದಾಖಲೆ ಪುಸ್ತಕಗಳಲ್ಲಿ ತಿದ್ದಲಾಯಿತು, ಗೋರಿಕಲ್ಲುಗಳ ಮೇಲಿನ ತುರ್ಕಿ ಬರಹವನ್ನು ಕೆತ್ತಿ ತೆಗೆಯಲಾಯಿತು. ವಿರೋಧಿಸಿದವರು ಜೈಲು ಸೇರಿದರು, ಕೆಲವರು ಗುಂಡಿಗೆ ಬಲಿಯಾದರು.

ದೇಶಕ್ಕೆ ಕೀರ್ತಿ ತಂದ ಚಾಂಪಿಯನ್‌ಗೂ ವಿನಾಯಿತಿ ಸಿಗಲಿಲ್ಲ. ನಯೀಮ್ ಸುಲೇಮಾನೊವ್ ಅವರ ಪಾಸ್‌ಪೋರ್ಟ್ ನೌಮ್ ಶಲಮಾನೊವ್ ಎಂಬ ಹೆಸರಿಗೆ ಬದಲಾಯಿತು. ನೌಮ್ ಎಂಬುದು ಅಲ್ಲಿನ ಕ್ರೈಸ್ತರು ಪೂಜಿಸುವ ಸಂತರೊಬ್ಬರ ಹೆಸರು. ಕಿವಿಗೆ ಹಳೆಯ ಹೆಸರಿನಂತೆಯೇ ಕೇಳಿಸಬೇಕು, ಆದರೆ ಅದರಲ್ಲಿ ತುರ್ಕಿಯದೇನೂ ಉಳಿದಿರಬಾರದು. ಅಂತಹ ಆಯ್ಕೆ ಅದು. ಹೊಸ ಹೆಸರಿನಿಂದ ತಮಗೆ ಸಂತೋಷವಾಗಿದೆ ಎಂದು ತಾವು ಹೇಳಿದಂತೆ ಪತ್ರಿಕೆಯಲ್ಲಿ ಪ್ರಕಟವಾಯಿತು, ತಾವು ಹಾಗೆ ಹೇಳಿಯೇ ಇರಲಿಲ್ಲ ಎಂದು ನಯೀಮ್ ನಂತರ ತಿಳಿಸಿದರು.

ಅವರು ಅಭ್ಯಾಸ ನಿಲ್ಲಿಸಲಿಲ್ಲ. 60 ಕೆ.ಜಿ. ವಿಭಾಗಕ್ಕೆ ಏರಿ 1985ರಲ್ಲಿ ಸ್ವೀಡನ್ನಿನಲ್ಲೂ 1986ರಲ್ಲಿ ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲೂ ವಿಶ್ವ ಚಾಂಪಿಯನ್ ಆದರು. ಭಾರ ಎತ್ತಿದವರು ನಯೀಮ್, ಪ್ರಕಟಣೆಯಲ್ಲಿ ಕೇಳಿಸುತ್ತಿದ್ದದ್ದು ಶಲಮಾನೊವ್. ಮೇಲಿನಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಇದ್ದಂತಿತ್ತು.

ಮೆಲ್ಬರ್ನ್‌ನ ಆ ರಾತ್ರಿ

1986ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವಿಶ್ವಕಪ್ ಫೈನಲ್ ನಡೆಯಿತು. ನಯೀಮ್ ಗೆದ್ದರು. ಸ್ಪರ್ಧೆಯ ನಂತರ ತಂಡ ರೆಸ್ಟೋರೆಂಟ್‌ನಲ್ಲಿ ಊಟಕ್ಕೆ ಸೇರಿದಾಗ ಅವರು ಕಾವಲಿನವರ ಕಣ್ತಪ್ಪಿಸಿ ಹೊರಬಿದ್ದರು. ಅಲ್ಲಿ ನೆಲೆಸಿದ್ದ ತುರ್ಕಿ ಸಮುದಾಯದವರು ಅವರನ್ನು ಕೆಲವು ದಿನ ಅಡಗಿಸಿಟ್ಟರು. ಬಳಿಕ ಅವರು ಟರ್ಕಿಯ ರಾಜತಾಂತ್ರಿಕ ಕಚೇರಿಗೆ ಹೋಗಿ ಆಶ್ರಯ ಕೇಳಿದರು.

ಟರ್ಕಿಯ ಆಗಿನ ಪ್ರಧಾನಿ ತುರ್ಗುತ್ ಓಜಾಲ್ ತಕ್ಷಣ ಒಪ್ಪಿದರು. ನಯೀಮ್‌ರನ್ನು ಮೊದಲು ಲಂಡನ್‌ಗೆ ಕರೆತಂದು, ಅಲ್ಲಿಂದ ಪ್ರಧಾನಿಯವರೇ ಕಳಿಸಿದ ವಿಮಾನದಲ್ಲಿ ಟರ್ಕಿಗೆ ಕರೆದೊಯ್ಯಲಾಯಿತು. ವಿಮಾನದಿಂದ ಇಳಿದವರೇ ಬಗ್ಗಿ ನೆಲಕ್ಕೆ ಮುತ್ತಿಟ್ಟರು. ಹೊಸ ದೇಶದಲ್ಲಿ ಅವರು ಹೊಸ ಹೆಸರು ಇಟ್ಟುಕೊಂಡರು: ಸುಲೇಮಾನೊಗ್ಲು. ತುರ್ಕಿ ಭಾಷೆಯಲ್ಲಿ 'ಒಗ್ಲು' ಎಂದರೆ ಮಗ. ಸುಲೇಮಾನನ ಮಗ. ಹಳೆಯ ಹೆಸರಿನ ಬಲ್ಗೇರಿಯನ್ ಬಾಲವನ್ನು ಕಳಚಿ ತಮ್ಮ ಮಾತಿನದೇ ಬಾಲ ಜೋಡಿಸಿಕೊಂಡರು.

ಇದರ ಬೆಲೆ ಸಣ್ಣದಾಗಿರಲಿಲ್ಲ. ತಂದೆತಾಯಿಯರು ಬಲ್ಗೇರಿಯಾದಲ್ಲೇ ಉಳಿದಿದ್ದರು. ಮಗ ದೇಶದ್ರೋಹಿ ಎನಿಸಿಕೊಂಡಾಗ ಮನೆಯವರ ಪಾಡೇನಾಗಬಹುದು ಎಂಬುದು ಗೊತ್ತಿದ್ದೇ ಅವರು ಆ ಹೆಜ್ಜೆ ಇಟ್ಟಿದ್ದರು.

ಇನ್ನೊಂದು ತೊಡಕೂ ಇತ್ತು. ದೇಶ ಬದಲಿಸಿದ ಆಟಗಾರ ಒಲಿಂಪಿಕ್ಸ್‌ನಲ್ಲಿ ಹೊಸ ದೇಶದ ಪರ ಆಡಬೇಕಾದರೆ ಮೂರು ವರ್ಷ ಕಾಯಬೇಕು, ಇಲ್ಲವೇ ಹಳೆಯ ದೇಶ ಒಪ್ಪಿಗೆ ಕೊಡಬೇಕು. ಕಾದರೆ ಸಿಯೋಲ್ ಕೂಟ ಮುಗಿದೇ ಹೋಗುತ್ತಿತ್ತು. ಕೊನೆಗೆ ಟರ್ಕಿ ಬಲ್ಗೇರಿಯಾಕ್ಕೆ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೊಟ್ಟು ಒಪ್ಪಿಗೆ ಪಡೆಯಿತು ಎಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಹೆಸರು ಕಿತ್ತುಕೊಂಡ ಸರ್ಕಾರ ಅದೇ ಮನುಷ್ಯನನ್ನು ಬಿಟ್ಟುಕೊಡಲು ಹಣ ಎಣಿಸಿಕೊಂಡಿತು.

ಸಿಯೋಲ್: ಒಂದೇ ಸ್ಪರ್ಧೆ, ಆರು ವಿಶ್ವದಾಖಲೆ

ಹೀಗೆ ಸಿಯೋಲ್‌ನ ವೇದಿಕೆಗೆ ಬಂದ ನಯೀಮ್ ಸ್ನ್ಯಾಚ್‌ನಲ್ಲಿ 145 ಕೆ.ಜಿ.ಯಿಂದ ಆರಂಭಿಸಿ 150.5, ನಂತರ 152.5 ಎತ್ತಿದರು. ದೇಹತೂಕದ ಎರಡೂವರೆ ಪಟ್ಟನ್ನು ಸ್ನ್ಯಾಚ್‌ನಲ್ಲಿ ಎತ್ತುವುದು ಅಲ್ಲಿಯವರೆಗೆ ಯಾರಿಗೂ ಸಾಧ್ಯವಾಗಿರಲಿಲ್ಲ. ಕ್ಲೀನ್ ಅಂಡ್ ಜರ್ಕ್‌ನಲ್ಲಿ 175, 188.5, 190. ಆರಕ್ಕೆ ಆರೂ ಪ್ರಯತ್ನ ಯಶಸ್ವಿ. ಎರಡೂ ವಿಧಾನ ಮತ್ತು ಒಟ್ಟು ಮೊತ್ತ ಸೇರಿ ಆರು ವಿಶ್ವದಾಖಲೆ.

ಒಟ್ಟು 342.5 ಕೆ.ಜಿ. ಎಂಬುದು ಎಂತಹ ಸಂಖ್ಯೆ? ಬೆಳ್ಳಿ ಗೆದ್ದವರ ಮೊತ್ತ 312.5. ಅಂತರ ಮೂವತ್ತು ಕೆ.ಜಿ. ಇದಕ್ಕಿಂತ ಒಂದು ಮೆಟ್ಟಿಲು ಮೇಲಿನ 67.5 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದ ಪೂರ್ವ ಜರ್ಮನಿಯ ಯೋಆಖಿಮ್ ಕುನ್ಜ್ ಎತ್ತಿದ್ದು 340. ಅಂದರೆ ನಯೀಮ್ ತಮಗಿಂತ ಏಳೂವರೆ ಕೆ.ಜಿ. ಭಾರದವರ ನಡುವೆ ನಿಂತಿದ್ದರೂ ಚಿನ್ನದ ಮೊತ್ತವನ್ನು ದಾಟಿರುತ್ತಿದ್ದರು.

ಬೆಳ್ಳಿ ಗೆದ್ದವರು ಯಾರು ಎಂಬುದು ಇನ್ನೂ ಕುತೂಹಲಕರ. ದೇಹತೂಕದ ಮೂರು ಪಟ್ಟು ಎತ್ತಿದ ಮೊದಲಿಗ, ಬಲ್ಗೇರಿಯಾದ ಅದೇ ಸ್ಟೆಫಾನ್ ಟೊಪುರೊವ್. ಎರಡು ವರ್ಷಗಳ ಹಿಂದೆ ಒಂದೇ ತಂಡದಲ್ಲಿದ್ದ ಇಬ್ಬರು ಎರಡು ಬಾವುಟಗಳ ಕೆಳಗೆ ನಿಂತಿದ್ದರು.

ಟರ್ಕಿಗೆ ಅದು ಇಪ್ಪತ್ತು ವರ್ಷಗಳ ನಂತರ ಬಂದ ಒಲಿಂಪಿಕ್ ಚಿನ್ನ. ಕುಸ್ತಿ ಬಿಟ್ಟರೆ ಬೇರೆ ಯಾವ ಆಟದಲ್ಲೂ ಆ ದೇಶಕ್ಕೆ ಅದುವರೆಗೆ ಚಿನ್ನ ಬಂದಿರಲಿಲ್ಲ. ಈ ವಿಜಯದ ಬಳಿಕ ಬಲ್ಗೇರಿಯಾ ಸರ್ಕಾರ ಅವರ ಕುಟುಂಬಕ್ಕೆ ಟರ್ಕಿಗೆ ಹೋಗಲು ಅನುಮತಿ ಕೊಟ್ಟಿತು.

ಆ ಕಾಲದ ಇನ್ನೊಂದು ಮುಖವನ್ನೂ ಹೇಳಬೇಕು. ಸಿಯೋಲ್‌ನಲ್ಲೇ ಬಲ್ಗೇರಿಯಾದ ಮಿತ್ಕೊ ಗ್ರಾಬ್ಲೆವ್ ಮತ್ತು ಆಂಗೆಲ್ ಗೆನ್ಚೆವ್ ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಚಿನ್ನ ಕಳೆದುಕೊಂಡರು, ಇಡೀ ತಂಡ ಕೂಟದಿಂದ ಹಿಂದೆ ಸರಿಯಿತು. ಕುನ್ಜ್‌ಗೆ ಚಿನ್ನ ಸಿಕ್ಕಿದ್ದು ಗೆನ್ಚೆವ್ ಅನರ್ಹರಾದ ಮೇಲೆ. ಆಗಿನ ಪರೀಕ್ಷೆಗಳು ಇಂದಿನಷ್ಟು ಬಿಗಿಯಾಗಿರಲಿಲ್ಲ. ಹಾಗಾಗಿ ಎಂಬತ್ತರ ದಶಕದ ಭಾರ ಎತ್ತುವ ದಾಖಲೆಗಳನ್ನು ಇಂದಿನವರು ಎಚ್ಚರದಿಂದಲೇ ನೋಡುತ್ತಾರೆ. ಆದರೆ ನಯೀಮ್ ಸಹ ಆಟಗಾರರಿಗಿಂತ ಇದ್ದ ಅಂತರವನ್ನು ಯಾರೂ ಅಲ್ಲಗಳೆಯುವುದಿಲ್ಲ.

ಗಡಿ ದಾಟಿದ ಲಕ್ಷಾಂತರ ಜನ

ನಯೀಮ್ ಓಡಿಹೋದದ್ದು ಒಬ್ಬ ಆಟಗಾರನ ಸುದ್ದಿಯಾಗಿ ಉಳಿಯಲಿಲ್ಲ. ಬಲ್ಗೇರಿಯಾದ ತುರ್ಕರಿಗೆ ಏನಾಗುತ್ತಿದೆ ಎಂಬುದನ್ನು ರಾಜಕೀಯ ಪುಟ ಓದದವರೂ ಕ್ರೀಡಾಪುಟದಲ್ಲಿ ಓದಿ ತಿಳಿದರು.

1989ರ ಮೇ ತಿಂಗಳಲ್ಲಿ ತುರ್ಕರು ಬೀದಿಗಿಳಿದು ಪ್ರತಿಭಟಿಸಿದರು. ಝಿವ್‌ಕೊವ್ ಸರ್ಕಾರ ಗಡಿ ತೆರೆದು 'ಹೋಗುವವರು ಹೋಗಲಿ' ಎಂಬ ನಿಲುವು ತಳೆಯಿತು. ಆಗಸ್ಟ್‌ನಲ್ಲಿ ಟರ್ಕಿ ತನ್ನ ಗಡಿ ಮುಚ್ಚುವಷ್ಟರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಿಕೊಂಡು ದಾಟಿದ್ದರು. ಪ್ರವಾಸಿ ಪರವಾನಗಿಯಲ್ಲಿ ಹೊರಟಿದ್ದರಿಂದ ಅಲ್ಲಿನವರು ಇದನ್ನು ವ್ಯಂಗ್ಯವಾಗಿ 'ದೊಡ್ಡ ಪ್ರವಾಸ' ಎಂದು ಕರೆದರು. ನವೆಂಬರ್ 10ರಂದು ಝಿವ್‌ಕೊವ್ ಅಧಿಕಾರದಿಂದ ಇಳಿಯಬೇಕಾಯಿತು. ಡಿಸೆಂಬರ್ ಕೊನೆಯಲ್ಲಿ ಹೊಸ ನಾಯಕತ್ವ ಬಲವಂತದ ಹೆಸರು ಬದಲಾವಣೆಯನ್ನು ಕೈಬಿಟ್ಟಿತು, 1990ರಲ್ಲಿ ಹಳೆಯ ಹೆಸರು ಮರಳಿ ಪಡೆಯಲು ಕಾನೂನು ಬಂತು. 2012ರ ಜನವರಿಯಲ್ಲಿ ಬಲ್ಗೇರಿಯಾದ ಸಂಸತ್ತು ಈ ಬಲವಂತದ ಕಾರ್ಯಾಚರಣೆಯನ್ನು ಅಧಿಕೃತವಾಗಿ ಖಂಡಿಸಿತು.

1989ರಲ್ಲಿ ಟರ್ಕಿಗೆ ಬಂದವರಲ್ಲಿ ಅದೇ ಕರ್ಜಾಲಿ ಸೀಮೆಯ ಒಬ್ಬ ಕುಳ್ಳ ಹುಡುಗನಿದ್ದ. ಹಲೀಲ್ ಮುತ್ಲು. ಮುಂದೆ 1996, 2000, 2004ರ ಒಲಿಂಪಿಕ್ಸ್‌ಗಳಲ್ಲಿ ಆತನೂ ಮೂರು ಚಿನ್ನ ಗೆದ್ದರು.

ಬಾರ್ಸಿಲೋನಾದಿಂದ ಅಟ್ಲಾಂಟಾಕ್ಕೆ

1989ರಲ್ಲಿ ಅಥೆನ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆದ ಬಳಿಕ, ಇನ್ನೂ 23 ತುಂಬುವ ಹೊತ್ತಿಗೆ ನಯೀಮ್ ನಿವೃತ್ತಿ ಸಾರಿದರು. ಆದರೆ ಕಬ್ಬಿಣದ ಸೆಳೆತ ಬಿಡಲಿಲ್ಲ. 1991ರಲ್ಲಿ ಮರಳಿ ಬಂದು ಜರ್ಮನಿಯಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 320 ಕೆ.ಜಿ. ಎತ್ತಿ ಎರಡನೆಯ ಚಿನ್ನ ಗೆದ್ದರು. ಬೆಳ್ಳಿ ಬಲ್ಗೇರಿಯಾದ ನಿಕೊಲಾಯ್ ಪೆಶಾಲೊವ್‌ಗೆ, 305 ಕೆ.ಜಿ.

1993ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ತೂಕದ ವಿಭಾಗಗಳನ್ನೆಲ್ಲ ಬದಲಿಸಿತು. 60 ಕೆ.ಜಿ. ವಿಭಾಗದ ಜಾಗಕ್ಕೆ 64 ಕೆ.ಜಿ. ಬಂತು. ನಯೀಮ್ ಅಲ್ಲೂ 1993, 1994, 1995 ಸತತ ಮೂರು ವರ್ಷ ವಿಶ್ವ ಪ್ರಶಸ್ತಿ ಬಿಟ್ಟುಕೊಡಲಿಲ್ಲ. ಆದರೆ ಈಗ ಅವರಿಗೆ ಸರಿಸಮನಾದ ಎದುರಾಳಿಯೊಬ್ಬರು ಸಿಕ್ಕಿದ್ದರು. ಗ್ರೀಸ್‌ನ ವಲೇರಿಯೋಸ್ ಲಿಯೊನಿಡಿಸ್. ಅವರ ಕಥೆಯೂ ಬೇರೆಯಲ್ಲ. ಸೋವಿಯತ್ ಒಕ್ಕೂಟದಲ್ಲಿ ಹುಟ್ಟಿದ ಗ್ರೀಕ್ ವಂಶದವರು, ದೊಡ್ಡವರಾದ ಮೇಲೆ ಗ್ರೀಸ್‌ಗೆ ಬಂದು ನೆಲೆಸಿದವರು.

1996ರ ಜುಲೈ 22ರಂದು ಅಟ್ಲಾಂಟಾದಲ್ಲಿ ಇಬ್ಬರೂ ಎದುರಾದರು. ಸಭಾಂಗಣದ ಒಂದು ಕಡೆ ಟರ್ಕಿಯ ಬಾವುಟಗಳು, ಇನ್ನೊಂದು ಕಡೆ ಗ್ರೀಸ್‌ನವು. ಎರಡು ದೇಶಗಳ ನಡುವಿನ ಹಗೆ ಹಳೆಯದು. ಸ್ನ್ಯಾಚ್‌ನಲ್ಲಿ ನಯೀಮ್ 147.5, ಲಿಯೊನಿಡಿಸ್ 145. ಎರಡೂವರೆ ಕೆ.ಜಿ. ಮುನ್ನಡೆ.

ಕ್ಲೀನ್ ಅಂಡ್ ಜರ್ಕ್‌ನಲ್ಲಿ ನಯೀಮ್ 185 ಎತ್ತಿದರು, ವಿಶ್ವದಾಖಲೆ. ಲಿಯೊನಿಡಿಸ್ 187.5 ಎತ್ತಿದರು, ನಿಮಿಷಗಳ ಹಿಂದಿನ ದಾಖಲೆ ಪುಡಿಯಾಯಿತು. ಈಗ ಇಬ್ಬರ ಮೊತ್ತವೂ 332.5. ಕೊನೆಯ ಅವಕಾಶದಲ್ಲಿ ನಯೀಮ್ ಅದೇ 187.5 ಕೆ.ಜಿ.ಯನ್ನು ಹೆಗಲಿಗೇರಿಸಿ ತಲೆಯ ಮೇಲೆ ನಿಲ್ಲಿಸಿದರು. ಒಟ್ಟು 335, ಇನ್ನೊಂದು ವಿಶ್ವದಾಖಲೆ. ಲಿಯೊನಿಡಿಸ್‌ಗೆ ಉಳಿದದ್ದು ಒಂದೇ ದಾರಿ, ಅದುವರೆಗೆ ಆ ವಿಭಾಗದಲ್ಲಿ ಯಾರೂ ಎತ್ತದ 190. ಅವರು ಪ್ರಯತ್ನಿಸಿದರು, ಆಗಲಿಲ್ಲ.

ನಯೀಮ್‌ಗೆ ಮೂರನೆಯ ಚಿನ್ನ. ಸೋತವರೂ ಗೆದ್ದವರೂ ಅಪ್ಪಿಕೊಂಡರು. ಭಾರ ಎತ್ತುವ ಆಟದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸ್ಪರ್ಧೆ ನಡೆದಿಲ್ಲ ಎಂದು ಹೇಳುವವರು ಇಂದಿಗೂ ಇದ್ದಾರೆ.

ಇಲ್ಲೊಂದು ಸಂಗತಿ ಗಮನಾರ್ಹ. 2004ರವರೆಗೆ ಈ ಆಟದಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದವರು ನಾಲ್ವರು. ನಯೀಮ್ ಮತ್ತು ಹಲೀಲ್ ಮುತ್ಲು ಬಲ್ಗೇರಿಯಾದಲ್ಲಿ ಹುಟ್ಟಿದ ತುರ್ಕರು. ಗ್ರೀಸ್‌ನ ಪಿರೋಸ್ ದಿಮಾಸ್ ಅಲ್ಬೇನಿಯಾದಲ್ಲಿ ಹುಟ್ಟಿದ ಗ್ರೀಕ್. ಕಾಖಿ ಕಾಖಿಯಾಶ್ವಿಲಿ ಜಾರ್ಜಿಯಾದಲ್ಲಿ ಹುಟ್ಟಿ ಗ್ರೀಸ್ ಸೇರಿದವರು. ನಾಲ್ವರೂ ಗಡಿ ದಾಟಿ ಬಂದವರೇ.

ಸಿಡ್ನಿಯಲ್ಲಿ ಮೂರು ಸೋಲು

ಅಟ್ಲಾಂಟಾದ ನಂತರ ವಿದಾಯ ಹೇಳಿದ್ದ ನಯೀಮ್ 2000ದಲ್ಲಿ ನಾಲ್ಕನೆಯ ಚಿನ್ನದ ಆಸೆಯಿಂದ ಸಿಡ್ನಿಗೆ ಬಂದರು. ವಯಸ್ಸು 33. ವಿಭಾಗ 62 ಕೆ.ಜಿ. ಸಣ್ಣ ತೂಕದಿಂದ ಆರಂಭಿಸಿ ಒಂದು ಮೊತ್ತ ಭದ್ರಪಡಿಸಿಕೊಳ್ಳುವ ದಾರಿಯನ್ನು ಅವರು ಹಿಡಿಯಲಿಲ್ಲ. ನೇರವಾಗಿ 145 ಕೆ.ಜಿ. ಕೇಳಿದರು. ಸಿಯೋಲ್‌ನಲ್ಲಿ ಅವರ ಮೊದಲ ಪ್ರಯತ್ನದ ತೂಕವೂ ಅದೇ ಆಗಿತ್ತು. ಮೂರು ಬಾರಿ ಪ್ರಯತ್ನಿಸಿದರು, ಮೂರು ಬಾರಿಯೂ ಸರಳು ಕೆಳಗೆ ಬಿತ್ತು. ಫಲಿತಾಂಶ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಮೊತ್ತವೇ ಇಲ್ಲ. ಚಿನ್ನ ಗೆದ್ದವರು ಬಾರ್ಸಿಲೋನಾದಲ್ಲಿ ಅವರ ಹಿಂದೆ ನಿಂತಿದ್ದ ಪೆಶಾಲೊವ್, ಅವರೂ ಈಗ ಬಲ್ಗೇರಿಯಾ ಬಿಟ್ಟು ಕ್ರೊಯೇಷಿಯಾದ ಪರ.

ಇದಾದ ಎರಡು ದಿನಗಳಲ್ಲಿ, ಅದೇ ಕೂಟದಲ್ಲಿ, ಆಂಧ್ರದ ಕರ್ಣಂ ಮಲ್ಲೇಶ್ವರಿ 69 ಕೆ.ಜಿ. ವಿಭಾಗದಲ್ಲಿ 240 ಕೆ.ಜಿ. ಎತ್ತಿ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳೆಯಾದರು. ನಮ್ಮ ಮನೆಗಳಲ್ಲಿ ಸ್ನ್ಯಾಚ್, ಜರ್ಕ್ ಎಂಬ ಪದಗಳು ಕೇಳಿಬರತೊಡಗಿದ ದಿನಗಳಲ್ಲೇ ಈ ಆಟದ ಅತಿ ದೊಡ್ಡ ಹೆಸರು ವೇದಿಕೆಯಿಂದ ಇಳಿದಿತ್ತು.

ಕೊನೆಯ ವರ್ಷಗಳು

ನಿವೃತ್ತಿಯ ನಂತರ ನಯೀಮ್ ರಾಜಕೀಯಕ್ಕೆ ಇಳಿದರು. 1999ರಲ್ಲಿ ಪಕ್ಷೇತರರಾಗಿ, ಮುಂದೆ ಪಕ್ಷದ ಅಭ್ಯರ್ಥಿಯಾಗಿ ಚುನಾವಣೆಗೆ ನಿಂತರೂ ಜನ ಅವರನ್ನು ಸಂಸತ್ತಿಗೆ ಕಳಿಸಲಿಲ್ಲ. ಪಿತ್ತಜನಕಾಂಗದ ಕಾಯಿಲೆ ಅವರನ್ನು ಹಣ್ಣು ಮಾಡಿತು. 2017ರ ಅಕ್ಟೋಬರ್‌ನಲ್ಲಿ ಪಿತ್ತಜನಕಾಂಗದ ಕಸಿ ನಡೆಯಿತು. ನಂತರ ಮೆದುಳಿನಲ್ಲಿ ರಕ್ತಸ್ರಾವವಾಗಿ, ನವೆಂಬರ್ 18ರಂದು ಇಸ್ತಾಂಬುಲ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತೇ ವರ್ಷ.

ಸಿಯೋಲ್‌ನ 60 ಕೆ.ಜಿ. ವಿಭಾಗ 1993ರಲ್ಲಿ ರದ್ದಾದ್ದರಿಂದ ಅಲ್ಲಿನ ದಾಖಲೆಗಳು ಮುರಿಯದೆಯೇ ಇತಿಹಾಸ ಸೇರಿದವು. 1998ರಿಂದ 2018ರವರೆಗೆ ಇದ್ದ 62 ಕೆ.ಜಿ. ವಿಭಾಗದಲ್ಲಿ ಯಾರಾದರೂ ಎತ್ತಿದ ಅತಿ ದೊಡ್ಡ ಮೊತ್ತ ಚೀನಾದ ಚೆನ್ ಲಿಜುನ್ 2015ರಲ್ಲಿ ಎತ್ತಿದ 333 ಕೆ.ಜಿ. ನಯೀಮ್‌ಗಿಂತ ಎರಡು ಕೆ.ಜಿ. ಭಾರದ ವಿಭಾಗ, ಮೊತ್ತ ಒಂಬತ್ತೂವರೆ ಕೆ.ಜಿ. ಕಡಿಮೆ.

ಇಸ್ತಾಂಬುಲ್‌ನ ಫಾತಿಹ್ ಮಸೀದಿಯಲ್ಲಿ ನಡೆದ ಅಂತಿಮ ಪ್ರಾರ್ಥನೆಗೆ ಸಾವಿರಾರು ಜನ ಸೇರಿದ್ದರು. ಅವರ ನಡುವೆ ಗ್ರೀಸ್‌ನಿಂದ ಬಂದ ಲಿಯೊನಿಡಿಸ್ ಕೂಡ ಇದ್ದರು. ಟರ್ಕಿಯ ಬಾವುಟ ಹೊದಿಸಿದ್ದ ಶವಪೆಟ್ಟಿಗೆಗೆ ಬಾಗಿ ಅವರು ಮುತ್ತಿಟ್ಟರು. ಸಿಯೋಲ್, ಬಾರ್ಸಿಲೋನಾ, ಅಟ್ಲಾಂಟಾದ ಮೂರೂ ಚಿನ್ನಗಳ ಮುಂದೆ ದಾಖಲೆಯಲ್ಲಿರುವುದು ಒಂದೇ ಹೆಸರು, ಸುಲೇಮಾನನ ಮಗ ನಯೀಮ್.